‘ಅವಾಂ-ಗಾರ್ದ್’ ಎಂಬ ವಿಶೇಷಣ: ಅದರ ನಿಷ್ಪತ್ತಿಯೂ ವಿಮರ್ಶೆಯಲ್ಲಿ ಅದರ ವಿನಿಯೋಗವೂ

ಆಂಗ್ಲ ವಿಮರ್ಶೆಯನ್ನು ಓದುವವರಿಗೆ ‘ಅವಾಂ-ಗಾರ್ದ್’ ಎಂಬ ವಿಶೇಷಣವು ಅಪರಿಚಿತವಾದುದಲ್ಲ. ಕಾವ್ಯ, ಚಿತ್ರ, ನಾಟಕ, ಸಂಗೀತ, ಇವುಗಳಲ್ಲಿ ಯಾವುದೇ ಆಗಲಿ, ವಾಡಿಕೆಯ ಮಾರ್ಗವನ್ನು ಬಿಟ್ಟು ಬಹುದೂರ ಮುಂದೆ ಸಾಗಿದ ಪ್ರಯೋಗವನ್ನು ಹೆಸರಿಸಬೇಕಾದಾಗ ಈ ಮಾತು ಬರುತ್ತದೆ. ಕನ್ನಡ ವಿಮರ್ಶಕರು ಇದನ್ನು ಕೆಲವೆಡೆ ಇದ್ದ ಹಾಗೆಯೇ ಎತ್ತಿಕೊಳ್ಳುತ್ತಾರೆ. ಕೆಲವೆಡೆ ‘ಅತ್ಯಾಧುನಿಕ’ವೆಂದೋ ‘ಪುರೋಗಾಮಿ’ಯೆಂದೋ ‘ನವ್ಯ’ವೆಂದೋ ಕನ್ನಡಿಸುತ್ತಾರೆ. ಈ ಮೂರು ಪರ್ಯಾಯಗಳೂ ಒಂದೇ ಅರ್ಥವನ್ನು ಕೊಡತಕ್ಕವಲ್ಲ. ಮೂಲಪದದ ಒಳಗೆ ಒಂದು ಉಪಮಾನವು ಅಡಗಿದೆ; ಆ ಉಪಮಾನವನ್ನು ಮರೆತು ಪದವನ್ನು ಮಾತ್ರ ಬಳಸಿದಲ್ಲಿ, ವಿಮರ್ಶಕನು ಕೃತಿಯನ್ನು ಪರೀಕ್ಷಿಸುವುದಕ್ಕೆ ಮುಂಚೆಯೇ ಪದವು ತೀರ್ಪನ್ನು ಕೊಟ್ಟುಬಿಡುತ್ತದೆ. ಆದಕಾರಣ ಪದದ ನಿಷ್ಪತ್ತಿಯನ್ನು ವಿಚಾರಮಾಡುವುದು ಕೇವಲ ನಿಘಂಟುಕಾರರ ಕೆಲಸವಲ್ಲ.

ಇದು ಮೂಲತಃ ಸೇನೆಗೆ ಸಂಬಂಧಪಟ್ಟ ಫ್ರೆಂಚ್ ಶಬ್ದ. ‘ಅವಾಂ’ ಎಂದರೆ ಮುಂದೆ. ‘ಗಾರ್ದ್’ ಎಂದರೆ ಕಾವಲು, ಕಾವಲಿನ ಪಡೆ. ಮೊದಲನೆಯದು ಉತ್ತರಕಾಲದ ಲ್ಯಾಟಿನ್ನಿನ ‘ಅಬಾಂತೆ’ ಎಂಬುದರಿಂದ ಬಂದಿತು. ಎರಡನೆಯದು ಜರ್ಮಾನಿಕ್ ಮೂಲದ್ದು. ಇಂಗ್ಲಿಷಿನೊಳಕ್ಕೆ ಈ ಪದವು ಒಂದೇ ಸಲಕ್ಕೆ ಬಂದು ನೆಲೆಸಲಿಲ್ಲ. ಉತ್ತರ ಫ್ರಾನ್ಸಿನ ಉಚ್ಚಾರಣೆಯಲ್ಲಿ ‘ಗ’ಕಾರದ ಸ್ಥಾನದಲ್ಲಿ ‘ವ’ಕಾರವಿದ್ದುದರಿಂದ, ನಾರ್ಮನ್ನರ ಮೂಲಕ ಬಂದ ರೂಪವು ‘ವಾವರ್ಡ್’ ಎಂದಾಯಿತು. ಷೇಕ್ಸ್‌ಪಿಯರನ ಐದನೆಯ ಹೆನ್ರಿಯ ನಾಟಕದಲ್ಲಿ ಯಾರ್ಕಿನ ಡ್ಯೂಕನು ಮುಂಪಡೆಯ ನಾಯಕತ್ವವನ್ನು ಅರಸನಲ್ಲಿ ಬೇಡುವಾಗ ಬಳಸುವುದು ಈ ರೂಪವನ್ನೇ. ಇನ್ನೊಂದು ದಾರಿಯಲ್ಲಿ ಬಂದುದು ಮೊದಲಕ್ಷರವನ್ನು ಕಳೆದುಕೊಂಡು ‘ವ್ಯಾನ್‌ಗಾರ್ಡ್’ ಆಗಿ ಉಳಿಯಿತು. ೧೪೮೫ರಲ್ಲಿ ಕ್ಯಾಕ್ಸ್‌ಟನ್ನನು ಅಚ್ಚುಹಾಕಿದ ಮ್ಯಾಲರಿಯ ಆರ್ಥರನ ಕಥೆಗಳಲ್ಲಿ ಮೂಲಕ್ಕೆ ಹತ್ತಿರವಾದ ರೂಪವೂ ಸೈನಿಕಾರ್ಥದಲ್ಲಿಯೇ ದೊರೆಯುತ್ತದೆ. ಆಮೇಲೆ ಶತಮಾನಗಳು ಕಳೆದು, ಇಪ್ಪತ್ತನೆಯ ಶತಮಾನದ ಮೊದಲ ಕಾಲುಭಾಗದಲ್ಲಿ ಅದೇ ಶಬ್ದವು ಪ್ಯಾರಿಸ್ಸಿನ ಕಲಾವಿದರ ಬಿಡಾರಗಳಿಂದ ಹೊಸ ಅರ್ಥವನ್ನು ಹೊತ್ತು ಮತ್ತೆ ಇಂಗ್ಲಿಷಿಗೆ ಬಂದಿತು. ಹೀಗೆ ಒಂದೇ ತಾಯಿಯ ಮಕ್ಕಳಾದ ಮೂರು ಪದಗಳಲ್ಲಿ ಒಂದು ಸತ್ತಿದೆ, ಒಂದು ಸೇನೆಯಲ್ಲಿಯೂ ರಾಜಕೀಯದಲ್ಲಿಯೂ ಉಳಿದಿದೆ, ಇನ್ನೊಂದು ಕಲೆಗೆ ಮೀಸಲಾಗಿದೆ. ‘ಅಡ್ವಾನ್ಸ್’ ಎಂಬ ಪದವೂ ಇದೇ ‘ಅಬಾಂತೆ’ಯ ಸಂತಾನ. ಅದರೊಳಗಿನ ಡಕಾರವು ಮೂಲದಲ್ಲಿ ಇಲ್ಲ. ಮೊದಲಿನ ಅಕಾರವನ್ನು ಲ್ಯಾಟಿನ್ನಿನ ‘ಅದ್’ ಎಂಬ ಉಪಸರ್ಗವೆಂದು ಭ್ರಮಿಸಿದ ಪಂಡಿತರು ಅದನ್ನು ಹದಿನಾರನೆಯ ಶತಮಾನದಲ್ಲಿ ತಂದು ಸೇರಿಸಿದರು. ಪಾಂಡಿತ್ಯವು ಕಾಗುಣಿತಕ್ಕೆ ಮಾಡುವ ಉಪಕಾರಗಳಲ್ಲಿ ಇದೂ ಒಂದು.

ಮುಂಪಡೆಯ ಕೆಲಸವೇನೆಂಬುದನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಮೊದಲು ಹೋಗಿ ಮೊದಲು ಕಾದುವುದು ಅದರ ಕೆಲಸದ ಒಂದು ಭಾಗ ಮಾತ್ರ. ದಾರಿಯನ್ನು ಅರಸುವುದು, ಹೊಂಚನ್ನು ಕಂಡುಹಿಡಿಯುವುದು, ಕಂಡುದನ್ನು ಹಿಂದೆ ಬರುವವರಿಗೆ ತಿಳಿಸುವುದು, ಅವರನ್ನು ಕಾಯುವುದು ಇವೆಲ್ಲವೂ ಅದಕ್ಕೆ ಸೇರಿವೆ. ಹಿಂದೆ ದೊಡ್ಡ ಸೇನೆಯೊಂದು ಬರುತ್ತಿದ್ದರೆ ಮಾತ್ರ ಮುಂದಿನ ತುಕಡಿಯು ಮುಂಪಡೆ. ಇಲ್ಲದಿದ್ದರೆ ಅದು ದಾರಿತಪ್ಪಿದ ಗುಂಪು. ಅಲ್ಲದೆ, ಎಲ್ಲಿಗೆ ಹೋಗಬೇಕೆಂಬುದನ್ನು ಮುಂಪಡೆಯು ತಾನೇ ಗೊತ್ತುಮಾಡುವುದಿಲ್ಲ. ಅದು ಸೇನಾಪತಿಯ ಅಪ್ಪಣೆ. ಸೇನೆ, ಗುರಿ, ಅಪ್ಪಣೆ ಈ ಮೂರೂ ಪದದ ಹೊಟ್ಟೆಯೊಳಗೆ ಇವೆ. ಪದವು ಕಲೆಗೆ ಬಂದಾಗ ಇವುಗಳ ಗತಿ ಏನಾಯಿತೆಂಬುದೇ ಅದರ ಚರಿತ್ರೆ.

ಕವಿಗಳನ್ನು ಮುಂಪಡೆಗೆ ಹೋಲಿಸುವ ರೂಢಿಯು ಫ್ರಾನ್ಸಿನಲ್ಲಿ ಹಳೆಯದು. ಹದಿನಾರನೆಯ ಶತಮಾನದ ಎತಿಯೆನ್ ಪಾಸ್ಕಿಯೇ ಎಂಬ ವಿದ್ವಾಂಸನು ತನ್ನ ಕಾಲದ ಕಾವ್ಯದ ಪುನರುಜ್ಜೀವನವನ್ನು ಅಜ್ಞಾನದ ಮೇಲಣ ಯುದ್ಧವೆಂದು ವರ್ಣಿಸಿ, ಸೇವ್, ಬೇಜ್, ಪೆಲೆತಿಯೇ ಎಂಬ ಮೂವರಿಗೆ ಅದರ ಮುಂಪಡೆಯ ಸ್ಥಾನವನ್ನು ಕೊಟ್ಟನು. ಆದರೆ ಇದು ಗೆದ್ದ ಯುದ್ಧವನ್ನು ಹಿಂದಿರುಗಿ ನೋಡಿ ಹೇಳಿದ ಮಾತು; ಅಲಂಕಾರವೆಂದು ತಿಳಿದೇ ಬಳಸಿದ ಅಲಂಕಾರ. ಇನ್ನೂ ನಡೆಯದ ಯುದ್ಧಕ್ಕೆ ಕಲಾವಿದರನ್ನು ಮುಂಪಡೆಯಾಗಿ ನೇಮಿಸಿದುದು ೧೮೨೫ರಲ್ಲಿ. ಸೇಂ-ಸಿಮೋನನ ಹೆಸರಿಗೆ ಸಲ್ಲುವ, ಅವನ ಶಿಷ್ಯನಾದ ಒಲಾಂದ್ ರೊದ್ರೀಗನು ಬರೆದನೆಂದು ಹಲವರು ನಂಬುವ ಸಂವಾದವೊಂದರಲ್ಲಿ ಕಲಾವಿದ, ವಿಜ್ಞಾನಿ, ಉದ್ಯಮಿ ಈ ಮೂವರು ಮಾತನಾಡುತ್ತಾರೆ. ಮುಂಪಡೆಯಾಗಿ ಸೇವೆ ಸಲ್ಲಿಸುವವರು ತಾವೇ ಎಂದು ಕಲಾವಿದನು ಉಳಿದಿಬ್ಬರಿಗೆ ಹೇಳುತ್ತಾನೆ. ಜನರಲ್ಲಿ ಹೊಸ ವಿಚಾರಗಳನ್ನು ಹರಡಬೇಕಾದರೆ ಕಲೆಯ ಶಕ್ತಿಯೇ ಎಲ್ಲಕ್ಕಿಂತ ಬೇಗ ನಾಟತಕ್ಕದ್ದು ಎಂಬುದು ಅವನ ವಾದ. ಇಲ್ಲಿ ಹೊಸದಾಗಿರುವುದು ವಿಚಾರ, ರೂಪವಲ್ಲ. ಆ ವಿಚಾರವನ್ನು ರಚಿಸುವವನೂ ಮುಖ್ಯವಾಗಿ ಕಲಾವಿದನಲ್ಲ. ಅವನು ಮುಂದೆ ನಡೆಯುವವನಾದರೂ ಅಪ್ಪಣೆಯನ್ನು ಹೊತ್ತವನು.

ಅದೇ ಸಂವಾದದಲ್ಲಿ ಕಲೆಗಳಿಗೆ ನಿಜವಾದ ಪೌರೋಹಿತ್ಯವು ದೊರೆಯುವುದೆಂಬ ಮಾತೂ ಬರುತ್ತದೆ. ಸಂಸ್ಕೃತಜ್ಞರಿಗೆ ಇದು ಕುತೂಹಲವನ್ನು ಹುಟ್ಟಿಸತಕ್ಕದ್ದು. ‘ಪುರೋಹಿತ’ ಶಬ್ದಕ್ಕೆ ಮುಂದೆ ಇರಿಸಲ್ಪಟ್ಟವನು ಎಂದೇ ಅರ್ಥ. ಹೆಚ್ಚುಕಡಮೆ ‘ಅವಾಂ-ಗಾರ್ದ್’ನ ಮೊದಲರ್ಧದ ಅನುವಾದವೇ ಅದು. ಆದರೂ ಇಂದು ಪುರೋಹಿತನು ಸಂಪ್ರದಾಯದ ಪ್ರತಿಮೆ, ಅವಾಂ-ಗಾರ್ದ್ ಕಲಾವಿದನು ಸಂಪ್ರದಾಯದ ವೈರಿ. ಮುಂದಿರುವುದೆಂಬುದು ತನ್ನಷ್ಟಕ್ಕೆ ತಾನು ಹೊಸತನದ ಲಕ್ಷಣವಲ್ಲವೆಂಬುದಕ್ಕೆ ಬೇರೆ ನಿದರ್ಶನವು ಬೇಕಾಗಿಲ್ಲ.

೧೮೪೫ರಲ್ಲಿ ಫೂರಿಯೇ ಪಂಥದ ಲಾವೆರ್ದಾಂ ಎಂಬವನು ಕಲೆಯ ಧ್ಯೇಯವನ್ನು ಕುರಿತು ಬರೆದ ಪುಸ್ತಿಕೆಯು ಈ ಪದದ ಚರಿತ್ರೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ಲೇಖವೆಂದು ಹೇಳಬಹುದು. ಕಲಾವಿದನೊಬ್ಬನು ನಿಜವಾಗಿ ಮುಂಪಡೆಗೆ ಸೇರಿದವನೋ ಅಲ್ಲವೋ ಎಂಬುದನ್ನು ತಿಳಿಯಬೇಕಾದರೆ ಮಾನವಕುಲವು ಎತ್ತ ಸಾಗುತ್ತಿದೆಯೆಂಬುದು ಗೊತ್ತಿರಬೇಕೆಂದು ಅವನು ಒಪ್ಪಿಕೊಂಡನು. ಗುರಿಯನ್ನು ಬಲ್ಲೆನೆಂಬ ನಂಬಿಕೆ ಅವನಿಗಿತ್ತು. ಆ ನಂಬಿಕೆಯು ಹೋದ ಮೇಲೂ ವಿಶೇಷಣವನ್ನು ಬಿಡದೆ ಬಳಸುತ್ತಿರುವ ವಿಮರ್ಶಕರು ಅವನ ಷರತ್ತನ್ನು ಓದಿಲ್ಲವೆಂದೇ ತಿಳಿಯಬೇಕಾಗಿದೆ.

ಪದದ ದೋಷವನ್ನು ಮೊದಲು ಕಂಡವನು ಕವಿ ಬೋದಿಲೇರ್. ೧೮೬೦ರ ದಶಕದ ಮೊದಲ ವರ್ಷಗಳಲ್ಲಿ ಅವನು ತನ್ನ ಖಾಸಗಿ ಟಿಪ್ಪಣಿಗಳಲ್ಲಿ ಫ್ರೆಂಚರಿಗಿದ್ದ ಸೈನಿಕ ರೂಪಕಗಳ ಹುಚ್ಚನ್ನು ಹಾಸ್ಯಮಾಡುತ್ತ, ಮುಂಪಡೆಯ ಸಾಹಿತಿಗಳೆಂಬ ಮಾತನ್ನೂ ಆ ಪಟ್ಟಿಗೆ ಸೇರಿಸಿದನು. ಇಂಥ ಮಾತುಗಳು ಕೆಚ್ಚುಳ್ಳ ಮನಸ್ಸಿನ ಗುರುತಲ್ಲ, ಶಿಸ್ತಿಗೆ ಹುಟ್ಟಿದ, ಗುಂಪಿನಲ್ಲಲ್ಲದೆ ಯೋಚಿಸಲಾರದ ಮನಸ್ಸಿನ ಗುರುತು ಎಂಬುದು ಅವನ ಟೀಕೆ. ಅವಾಂ-ಗಾರ್ದ್ ಕಾವ್ಯದ ಮೂಲಪುರುಷರ ಸಾಲಿನಲ್ಲಿ ಬೋದಿಲೇರನನ್ನೇ ಮೊದಲು ನಿಲ್ಲಿಸುವುದು ಇಂದಿನ ಪಠ್ಯಪುಸ್ತಕಗಳ ವಾಡಿಕೆ! ಅವನ ಆಕ್ಷೇಪವು ಅಷ್ಟು ಸುಲಭವಾಗಿ ತಳ್ಳಿಹಾಕತಕ್ಕುದಲ್ಲ. ಒಬ್ಬೊಂಟಿಗನಾಗಿ ಕಾಡಿನೊಳಕ್ಕೆ ಹೋದವನಿಗೆ ಸೇನೆಯ ಪದವಿಯೊಂದನ್ನು ಕೊಡುವುದರಲ್ಲಿ ಗೌರವಕ್ಕಿಂತ ಅಪಹರಣವೇ ಹೆಚ್ಚಾಗಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪದದ ಎರಡು ಕವಲುಗಳು ಬೇರೆಬೇರೆಯಾದವು. ೧೮೮೫ರಲ್ಲಿ ತಿಯೊದೋರ್ ದ್ಯುರೆಯು ತನ್ನ ಲೇಖನಸಂಗ್ರಹಕ್ಕೆ ಅವಾಂ-ಗಾರ್ದ್ ವಿಮರ್ಶೆ ಎಂಬ ಹೆಸರನ್ನಿಟ್ಟಾಗ, ಅದರೊಳಗಿನ ಮುಖ್ಯ ವಿಷಯವು ಇಂಪ್ರೆಷನಿಸ್ಟ್ ಚಿತ್ರಕಾರರ ಬಣ್ಣ ಬೆಳಕುಗಳೇ ಹೊರತು ಸಮಾಜದ ಪುನಾರಚನೆಯಲ್ಲ. ಇತ್ತ ರಾಜಕೀಯದ ಕವಲು ಬೇರೆಯಾಗಿಯೇ ಹರಿದು, ೧೯೦೨ರಲ್ಲಿ ಲೆನಿನ್ನನ ಪ್ರಸಿದ್ಧ ಪುಸ್ತಿಕೆಯಲ್ಲಿ ಕ್ರಾಂತಿಕಾರಿ ಪಕ್ಷದ ಲಕ್ಷಣವಾಗಿ ನಿಂತಿತು. ಒಂದು ಕಡೆ ಗುರಿ ಉಂಟು, ರೂಪದ ವಿಚಾರವಿಲ್ಲ. ಇನ್ನೊಂದು ಕಡೆ ರೂಪ ಉಂಟು, ಗುರಿಯ ವಿಚಾರವಿಲ್ಲ.

ಈ ವಿಶೇಷಣದ ನಿಜವಾದ ಪರೀಕ್ಷೆಯು ನಡೆದುದು ಮೊದಲನೆಯ ಮಹಾಯುದ್ಧದ ಸುತ್ತಿನ ವರ್ಷಗಳಲ್ಲಿ. ೧೯೦೯ರ ಫೆಬ್ರವರಿ ೨೦ರಂದು ಪ್ಯಾರಿಸ್ಸಿನ ‘ಫಿಗಾರೋ’ ಪತ್ರಿಕೆಯಲ್ಲಿ ಮರಿನೆತ್ತಿಯು ಫ್ಯೂಚರಿಸ್ಟ್ ಘೋಷಣೆಯನ್ನು ಪ್ರಕಟಿಸಿದನು. ವೇಗ, ಯಂತ್ರ, ಯುದ್ಧ ಇವೇ ಅದರ ದೇವತೆಗಳು. ವಸ್ತುಸಂಗ್ರಹಾಲಯಗಳೂ ಗ್ರಂಥಾಲಯಗಳೂ ನಾಶವಾಗಬೇಕೆಂಬುದು ಅದರ ಕೂಗು. ಸೇನೆಯಿಂದ ಹೊರಬಂದ ಪದವು ಇಲ್ಲಿ ಅಕ್ಷರಶಃ ಸೇನೆಗೆ ಹಿಂದಿರುಗಿತು. ಆ ಪಂಥದ ಬೊಚ್ಚೋನಿಯು ೧೯೧೬ರಲ್ಲಿ ಸೈನಿಕ ಶಿಕ್ಷಣದ ಸಮಯದಲ್ಲಿ ಕುದುರೆಯಿಂದ ಬಿದ್ದು ಸತ್ತನು. ವಾಸ್ತುಶಿಲ್ಪಿ ಸಾಂತೇಲಿಯನು ಅದೇ ವರ್ಷ ರಣರಂಗದಲ್ಲಿ ಮಡಿದನು. ಅದೇ ೧೯೧೬ರ ಫೆಬ್ರವರಿಯಲ್ಲಿ, ಯುದ್ಧವನ್ನು ಹೇಸಿ ತಟಸ್ಥವಾದ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಕೆಲವು ತರುಣರು ಜ್ಯೂರಿಕ್ ಪಟ್ಟಣದಲ್ಲಿ ‘ಕಾಬರೇ ವೋಲ್ತೇರ್’ ಎಂಬ ರಂಗಶಾಲೆಯನ್ನು ತೆರೆದರು. ಅಲ್ಲಿ ಹುಟ್ಟಿದುದು ದಾದಾ ಪಂಥ. ಯುದ್ಧವನ್ನು ಮಾಡಿದ ನಾಗರಿಕತೆಯ ಭಾಷೆಯನ್ನೇ ಅರ್ಥವಿಲ್ಲದ ಸದ್ದುಗಳಾಗಿ ಒಡೆಯುವುದು ಅವರ ಪ್ರತಿಭಟನೆಯ ರೀತಿ. ಯುದ್ಧವನ್ನು ಹಾಡಿಹೊಗಳಿದವರು, ಯುದ್ಧಕ್ಕೆ ಬೆನ್ನುತಿರುಗಿಸಿದವರು ಈ ಉಭಯರಿಗೂ ಇತಿಹಾಸಕಾರರು ಕೊಡುವ ವಿಶೇಷಣವು ಒಂದೇ. ಎದುರುಬದುರಾಗಿ ಹೊರಟ ಇಬ್ಬರನ್ನು ಒಂದೇ ಸೇನೆಯ ಮುಂಪಡೆಯೆಂದು ಕರೆಯಬಹುದಾದರೆ, ಆ ಪದದಲ್ಲಿ ದಿಕ್ಕು ಉಳಿದಿಲ್ಲವೆಂಬುದು ಸ್ಪಷ್ಟ. ಉಳಿದಿರುವುದು ರೂಢಿಯಿಂದ ಇರುವ ದೂರ ಮಾತ್ರ.

ದೂರವೇ ಗುಣವೆಂಬ ಭಾವನೆಯು ಇಲ್ಲಿಂದ ಮುಂದೆ ಬಲವಾಯಿತು. ೧೯೩೯ರಲ್ಲಿ ‘ಪಾರ್ಟಿಸನ್ ರೆವ್ಯೂ’ ಎಂಬ ಅಮೆರಿಕದ ಪತ್ರಿಕೆಯಲ್ಲಿ ಕ್ಲೆಮೆಂಟ್ ಗ್ರೀನ್‌ಬರ್ಗನು ಬರೆದ ಪ್ರಬಂಧವು ಅವಾಂ-ಗಾರ್ದ್ ಕಲೆಯನ್ನು ‘ಕಿಚ್’ಗೆ, ಎಂದರೆ ಯಂತ್ರಯುಗದ ಅಗ್ಗದ ಜನರಂಜನೆಗೆ, ಎದುರಾಗಿ ನಿಲ್ಲಿಸಿತು. ಸಂಸ್ಕೃತಿಯು ಕೊಳೆಯದಂತೆ ಅದನ್ನು ಚಲಿಸುವಂತೆ ಮಾಡುವುದೇ ಅವಾಂ-ಗಾರ್ದ್‌ನ ಕಾರ್ಯವೆಂದು ಅವನು ಹೇಳಿದನು. ಆದರೆ ಅದನ್ನು ಸಲಹುವ ಹೊಕ್ಕುಳಬಳ್ಳಿಯು ಧನಿಕವರ್ಗದ ಹೊನ್ನಿನಿಂದ ಆದುದೆಂಬುದನ್ನೂ ಮುಚ್ಚಿಡಲಿಲ್ಲ. ೧೮೨೫ರ ಕಲಾವಿದನು ಜನರ ಕಡೆಗೆ ಹೊರಟವನು. ೧೯೩೯ರ ಕಲಾವಿದನು ಜನರಿಂದ ಹಿಂದೆಗೆದವನು. ಮುಂದಕ್ಕೆ ಎಂಬ ಪದವು ಒಂದು ಶತಮಾನದಲ್ಲಿ ಒಳಕ್ಕೆ ಎಂಬುದಾಗಿ ಮಾರ್ಪಟ್ಟಿತು.

ಆಮೇಲಣ ವಿದ್ವಾಂಸರಲ್ಲಿ ಪೊಜ್ಜೋಲಿಯು ೧೯೬೨ರಲ್ಲಿ ಇಟಾಲಿಯನ್ನಿನಲ್ಲಿಯೂ ಪೀಟರ್ ಬ್ಯೂರ್ಗರನು ೧೯೭೪ರಲ್ಲಿ ಜರ್ಮನ್ನಿನಲ್ಲಿಯೂ ಅವಾಂ-ಗಾರ್ದ್‌ನ ಸಿದ್ಧಾಂತಗಳನ್ನು ರಚಿಸಿದರು. ಬ್ಯೂರ್ಗರನ ಮುಖ್ಯವಾದ ವಾದವು ಗಮನಾರ್ಹವಾದುದು. ಅವಾಂ-ಗಾರ್ದ್ ಪಂಥಗಳು ಎದುರಿಸಿದುದು ಹಿಂದಿನ ಶೈಲಿಯೊಂದನ್ನಲ್ಲ. ಬಾಳಿನಿಂದ ಬೇರೆಯಾಗಿ ನಿಂತ ಕಲೆಯೆಂಬ ಸಂಸ್ಥೆಯನ್ನೇ. ಆ ಸಂಸ್ಥೆಯು ತನ್ನ ವೈರಿಗಳನ್ನು ನುಂಗಿ ಜೀರ್ಣಿಸಿಕೊಂಡಿತು. ೧೯೧೭ರಲ್ಲಿ ಮಾರ್ಸೆಲ್ ದ್ಯೂಷಾಂ ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳುಹಿದ ಪಿಂಗಾಣಿಯ ಮೂತ್ರಪಾತ್ರೆಯ ಕಥೆಯು ಇದಕ್ಕೆ ಸಾಕ್ಷಿ. ಶುಲ್ಕವನ್ನು ತೆತ್ತ ಯಾವ ಕಲಾವಿದನ ಕೃತಿಯನ್ನೂ ನಿರಾಕರಿಸುವುದಿಲ್ಲವೆಂದು ಸಾರಿದ್ದ ಸಂಘವು ಅದನ್ನು ಪ್ರದರ್ಶಿಸಲಿಲ್ಲ, ಮೂಲವಸ್ತುವು ಕಳೆದುಹೋಯಿತು, ೧೯೬೪ರಲ್ಲಿ ದ್ಯೂಷಾಂನ ಒಪ್ಪಿಗೆಯಿಂದಲೇ ಅದರ ಪ್ರತಿಕೃತಿಗಳು ತಯಾರಾದವು, ಅವು ಈಗ ದೊಡ್ಡ ದೊಡ್ಡ ಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿ ಪೂಜೆಗೊಳ್ಳುತ್ತಿವೆ. ಮುಂಪಡೆಯು ಕೋಟೆಯನ್ನು ಹಿಡಿಯಲಿಲ್ಲ; ಕೋಟೆಯವರೇ ಅದನ್ನು ಅತಿಥಿಯಾಗಿ ಬರಮಾಡಿಕೊಂಡರು.

ಪ್ರಸಂಗವಶಾತ್ ‘ಸ್ಟೇಟ್ ಆಫ್ ದಿ ಆರ್ಟ್’ ಎಂಬ ಇನ್ನೊಂದು ವಿಶೇಷಣವನ್ನೂ ಇಲ್ಲಿ ಸ್ಮರಿಸಬಹುದು. ಏಕೆಂದರೆ ಕನ್ನಡದ ವೃತ್ತಪತ್ರಿಕೆಗಳಲ್ಲಿ ಇದಕ್ಕೂ ‘ಅತ್ಯಾಧುನಿಕ’ವೇ ಗತಿ. ೧೯೧೦ರಲ್ಲಿ ಸಪ್ಲೀ ಎಂಬ ಎಂಜಿನಿಯರನು ಅನಿಲಚಕ್ರಯಂತ್ರವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಇದು ಕಾಣುತ್ತದೆ. ವಿದ್ಯೆಯ ಸದ್ಯದ ಸ್ಥಿತಿಯಲ್ಲಿ ಇಷ್ಟೇ ಸಾಧ್ಯವೆಂಬುದು ಅಲ್ಲಿನ ಭಾವ. ಮಿತಿಯನ್ನು ಒಪ್ಪಿಕೊಳ್ಳುವ ನಮ್ರವಾದ ಮಾತು ಕಾಲಕ್ರಮದಲ್ಲಿ ಮಾರಾಟಗಾರರ ಹೊಗಳಿಕೆಯಾಯಿತು. ಇದರ ಅರ್ಥವು ತಲಪಿರುವ ಎಲ್ಲೆ. ‘ಅವಾಂ-ಗಾರ್ದ್’ನ ಅರ್ಥವು ಎಲ್ಲೆಯ ಆಚೆಗೆ ಹೋಗುವುದು. ಒಂದೇ ಕನ್ನಡ ಶಬ್ದವು ಎರಡಕ್ಕೂ ಸಾಲದು. ‘ಅತ್ಯಾಧುನಿಕ’ವು ಕೈಗಡಿಯಾರಕ್ಕೂ ಶಸ್ತ್ರಚಿಕಿತ್ಸಾಲಯಕ್ಕೂ ಒಪ್ಪತಕ್ಕ ಶಬ್ದ, ಕಾವ್ಯವಿಮರ್ಶೆಗೆ ಅದರಿಂದ ಪ್ರಯೋಜನವಿಲ್ಲ.

ಕನ್ನಡ ಸಾಹಿತ್ಯದ ಚರಿತ್ರೆಗೆ ಬಂದರೆ, ಅಲ್ಲಿ ಈ ಪದದ ಎರಡು ಕವಲುಗಳೂ ಬೇರೆ ಬೇರೆ ಹೆಸರುಗಳಿಂದಲೇ ಬಂದುವೆಂಬುದು ವಿಶೇಷ. ೧೯೪೦ರ ದಶಕದಲ್ಲಿ ಅ. ನ. ಕೃಷ್ಣರಾಯರು ಮೊದಲಾದವರು ನಡೆಸಿದ ಚಳವಳಿಗೆ ‘ಪ್ರಗತಿಶೀಲ’ವೆಂದು ಹೆಸರಾಯಿತು, ಮುಂದಕ್ಕೆ ನಡೆಯುವುದೆಂಬ ಅರ್ಥವು ಅದರಲ್ಲಿದೆ, ಗುರಿಯೂ ಅದರಲ್ಲಿದೆ. ೧೯೫೦ರ ಸುಮಾರಿನಲ್ಲಿ ವಿ. ಕೃ. ಗೋಕಾಕರು ಮುಂದಿಟ್ಟ, ಗೋಪಾಲಕೃಷ್ಣ ಅಡಿಗರ ಕಾವ್ಯದಿಂದ ನೆಲೆಗೊಂಡ ‘ನವ್ಯ’ವೆಂಬ ಹೆಸರು ಕಾಲವನ್ನು ಮಾತ್ರ ಹೇಳುತ್ತದೆ, ದಿಕ್ಕನ್ನು ಹೇಳುವುದಿಲ್ಲ. ಶಾಸ್ತ್ರಗಳಲ್ಲಿ ‘ನವ್ಯ’ಕ್ಕೆ ಮೊದಲಿನಿಂದಲೂ ಈ ಸಂಯಮ ಉಂಟು: ನವ್ಯನ್ಯಾಯವು ಪ್ರಾಚೀನನ್ಯಾಯದ ಶತ್ರುವಲ್ಲ, ಅದರ ಬಳಿಕ ಬಂದ ಪರಿಷ್ಕಾರ. ಕನ್ನಡದ ನವ್ಯಕಾವ್ಯವೂ ತನ್ನ ಘೋಷಣೆಗಳಲ್ಲಿ ಎಷ್ಟೇ ಕಟುವಾಗಿದ್ದರೂ ಆಚರಣೆಯಲ್ಲಿ ಈ ಪದಾರ್ಥವನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಹೊಸ ಮಾರ್ಗದ ಹೆಗ್ಗುರುತೆಂದು ಎಲ್ಲರೂ ಎಣಿಸುವ ಅಡಿಗರ ೧೯೫೪ರ ಸಂಗ್ರಹವು ‘ಚಂಡೆಮದ್ದಳೆ’ ಎಂದು ಯಕ್ಷಗಾನದ ವಾದ್ಯಗಳ ಹೆಸರನ್ನೇ ಹೊತ್ತು ಬಂದಿತು. ಗ್ರಂಥಾಲಯವನ್ನು ಸುಡಬೇಕೆಂದ ಮರಿನೆತ್ತಿಯ ವಿಶೇಷಣವನ್ನು ಇಂಥ ಕಾವ್ಯಕ್ಕೆ ಅಂಟಿಸುವುದರಿಂದ ಅದರ ಬಲವು ಎಲ್ಲಿದೆಯೆಂಬುದು ಮರೆಯಾಗುತ್ತದೆ. ಯುದ್ಧದ ಉಪಮಾನವು ಕನ್ನಡದಲ್ಲಿ ಬಹಿರಂಗವಾಗಿ ಬಂದುದು ೧೯೭೯ರ ಬಂಡಾಯ ಸಾಹಿತ್ಯ ಸಂಘಟನೆಯಲ್ಲಿ. ಕಾವ್ಯವು ಖಡ್ಗವಾಗಬೇಕೆಂಬುದು ಅದರ ಘೋಷ. ಸೇಂ-ಸಿಮೋನನ ಸಂವಾದದ ಕಲಾವಿದನಿಗೆ ಸಮೀಪನಾದ ಬಂಧುವನ್ನು ಕನ್ನಡದಲ್ಲಿ ಹುಡುಕುವವರು ನವ್ಯರ ಕಡೆಗೆ ನೋಡದೆ ಈ ಕಡೆಗೆ ನೋಡಬೇಕು.

ಇನ್ನೊಂದು ಪ್ರಯೋಗವನ್ನು ಆಕ್ಷೇಪಿಸಲೇ ಬೇಕಾಗಿದೆ. ಹನ್ನೆರಡನೆಯ ಶತಮಾನದ ಶಿವಶರಣರ ವಚನಗಳನ್ನು ಅವಾಂ-ಗಾರ್ದ್ ಎಂದು ಹೊಗಳುವುದುಂಟು. ಮಾರ್ಗಕಾವ್ಯದ ಛಂದಸ್ಸನ್ನೂ ಸಂಸ್ಕೃತಭೂಯಿಷ್ಠವಾದ ಶೈಲಿಯನ್ನೂ ಬಿಟ್ಟು, ಕಸುಬಿನವರ ಮಾತಿನಲ್ಲಿ ಅನುಭಾವವನ್ನು ಹೇಳಿದ ಸಾಹಸವು ಅಪೂರ್ವವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶರಣರು ತಮಗೆ ಪ್ರಮಾಣವೆಂದು ಮತ್ತೆ ಮತ್ತೆ ಕರೆದುದು ‘ಆದ್ಯರ’, ‘ಪುರಾತನರ’ ಮಾತುಗಳನ್ನು. ಮುಂದಿನ ಕಾಲಕ್ಕಾಗಿ ದಾರಿಯನ್ನು ಕಡಿಯುತ್ತಿದ್ದೇವೆಂಬ ಭಾವವು ಅವರಲ್ಲಿಲ್ಲ. ಅವರ ಹೊಸತನವು ಹಿಂದಣವರನ್ನು ನೆನೆಯುತ್ತಲೇ ಹುಟ್ಟಿದುದು. ಭಾರತೀಯ ಕಾವ್ಯಮೀಮಾಂಸೆಗೆ ಇದು ವಿಚಿತ್ರವೆನಿಸದು. ಹಳೆಯ ವಸ್ತುಗಳೂ ರಸಸ್ಪರ್ಶದಿಂದ ವಸಂತದ ಮರಗಳಂತೆ ಹೊಸದಾಗಿ ತೋರುವುವೆಂದು ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಹೇಳಿದ್ದಾನೆ. ಮರವು ಚಿಗುರುವುದಕ್ಕೆ ಮುಂದಕ್ಕೆ ಹೋಗಬೇಕಾಗಿಲ್ಲ. ಹೊಸತನವನ್ನು ಬೆಳೆವಣಿಗೆಯ ಉಪಮಾನದಿಂದ ಗ್ರಹಿಸುವ ಪರಂಪರೆಯೊಂದನ್ನು ದಂಡಯಾತ್ರೆಯ ಉಪಮಾನದಿಂದ ಅಳೆದರೆ ಅಳತೆಯು ತಪ್ಪುವುದು ಸಹಜ.

ಹೀಗಿದ್ದರೂ ಯೂರೋಪಿನ ಪಂಥಗಳನ್ನು ಕನ್ನಡದಲ್ಲಿ ವಿವರಿಸುವ ಅಧ್ಯಾಪಕರಿಗೆ ಒಂದು ಶಬ್ದವು ಬೇಕೇ ಬೇಕು. ‘ಪುರೋಗಾಮಿ’ಯು ದಿಕ್ಕನ್ನು ಹೇಳುತ್ತದೆ, ಸೇನೆಯನ್ನು ಹೇಳುವುದಿಲ್ಲ, ಮೇಲಾಗಿ ರಾಜಕೀಯ ಭಾಷಣಗಳಲ್ಲಿ ಸವೆದುಹೋಗಿದೆ. ಸಂಸ್ಕೃತದ ‘ನಾಸೀರ’ವನ್ನು ಅಮರಸಿಂಹನು ಸೇನಾಮುಖದ ಪರ್ಯಾಯವಾಗಿ ಕೊಟ್ಟಿದ್ದಾನೆ, ಅರ್ಥವು ಸರಿಯಾಗಿದ್ದರೂ ಇಂದಿನ ವಿದ್ಯಾರ್ಥಿಗೆ ಅದು ನಿಘಂಟಿಲ್ಲದೆ ತಿಳಿಯದು. ‘ಚೂಣಿ’ಯೆಂಬ ಶಬ್ದವಾದರೋ ಕುಮಾರವ್ಯಾಸನ ಯುದ್ಧಪರ್ವಗಳನ್ನು ಓದಿದವರಿಗೆಲ್ಲ ಪರಿಚಿತ, ಮತ್ತು ‘ಮುಂಚೂಣಿ’ಯೆಂಬ ರೂಪದಲ್ಲಿ ದಿನದ ಮಾತಿನಲ್ಲಿಯೂ ಬದುಕಿದೆ. ‘ಚೂಣಿಯ ಕಾವ್ಯ’, ‘ಚೂಣಿಯ ಚಿತ್ರಕಾರರು’ ಎಂದು ಷಷ್ಠಿಯಲ್ಲಿ ಬಳಸಿದರೆ ವಿಶೇಷಣದ ಕೆಲಸವು ನಡೆಯುತ್ತದೆ. ಇದರಿಂದ ಇನ್ನೊಂದು ಅನುಕೂಲವೂ ಉಂಟು: ಚೂಣಿಯೆಂದೊಡನೆ ಯಾವ ಸೇನೆಯ ಚೂಣಿ, ಯಾರ ಮೇಲೆ ಎತ್ತಿಹೋದುದು ಎಂಬ ಪ್ರಶ್ನೆಯು ಕೇಳುವವನ ಬಾಯಿಗೆ ತಾನಾಗಿಯೇ ಬರುತ್ತದೆ. ಫ್ಯೂಚರಿಸ್ಟರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವು ಸಿದ್ಧವಾಗಿದೆ. ದಾದಾ ಪಂಥದವರ ವಿಷಯದಲ್ಲಿ ತರಗತಿಯು ಸ್ವಲ್ಪ ಹೊತ್ತು ಚರ್ಚಿಸಬೇಕಾಗಬಹುದು. ಬೋದಿಲೇರನ ವಿಷಯದಲ್ಲಿ ಆ ಪದವನ್ನು ಬಿಡುವುದೇ ಲೇಸು. ಅವನೇ ಅದನ್ನು ಬೇಡವೆಂದಿದ್ದಾನೆ.